ನಮ್ಮ ದೇಶವಿಲ್ಲದ ಯುದ್ಧ

ಚಿಕ್ಕವಳಿದ್ದಾಗ ನಾನು ಅಕ್ಕನನ್ನು ಸೊಂಟದಿಂದ ಮೇಲಕ್ಕೆ ಮಾತ್ರ ನೋಡಿದ್ದೆ. ಕೊಳ್ಳೇಗಾಲದ ನಮ್ಮ ಬೀದಿಯಲ್ಲಿ ಮನೆಗೊಂದು ಗುಂಡಿ ಮಗ್ಗ. ತೋಡಿದ ಗುಂಡಿಯೊಳಕ್ಕೆ ಕಾಲು ಇಳಿಬಿಟ್ಟು, ನೆಲದ ಮಟ್ಟದಲ್ಲಿ ಕೂತು ರೇಷ್ಮೆ ಸೀರೆ ನೇಯಬೇಕು. ನಾನು ಸ್ಕೂಲಿಗೆ ಹೋಗುವಾಗಲೂ ಅಕ್ಕ ಹಾಗೇ ಕೂತಿರುತ್ತಿದ್ದಳು, ಬರುವಾಗಲೂ ಹಾಗೇ. ಅವಳು ನೆಲದಿಂದಲೇ ಮೊಳೆತವಳು ಅಂದುಕೊಂಡಿದ್ದೆ. ಒಂದು ದಿನ ಬೀದಿ ನಲ್ಲಿಯಲ್ಲಿ ನೀರು ಬಂತೆಂದು ಅವಳು ಕೊಡ ಹಿಡಿದು ಹೊರಗೆ ಬಂದಳು. ಬಾಗಿಲ ಚೌಕಟ್ಟಿಗೆ ತಲೆ ತಾಕದ ಹಾಗೆ ಬಗ್ಗಿದ ಆ ಎತ್ತರದ ಹೆಂಗಸನ್ನು ಕಂಡು ಹೆದರಿ ಅಮ್ಮನ ಹಿಂದೆ ಅವಿತುಕೊಂಡೆ.

"ನಂಗೂ ಕಾಲವೆ ಕಣವ್ವ," ಅಂದಳು ಅಕ್ಕ ನಗುತ್ತ.

ಅವಳು ನನಗೆ ರಕ್ತಸಂಬಂಧಿಯಲ್ಲ, ಪಕ್ಕದ ಮನೆಯವಳು. ಬೀದಿಯ ಮುದುಕರೂ ಅವಳನ್ನು ಅಕ್ಕ ಎಂದೇ ಕರೆಯುತ್ತಿದ್ದರು. ಯಳಂದೂರಿನ ಹತ್ತಿರದ ಅಗರದಿಂದ ಮದುವೆಯಾಗಿ ಬಂದ ಅವಳ ತಾಯಿ, ತಮ್ಮನನ್ನು ಹೆತ್ತ ಕೆಲವೇ ದಿನಗಳಲ್ಲಿ ತೀರಿಕೊಂಡರು. ಅಪ್ಪನೂ ಬಹಳ ಕಾಲ ಬಾಳಲಿಲ್ಲ. ಆಗಿನ್ನೂ ಹುಡುಗಿಯಾಗಿದ್ದ ಅಕ್ಕನ ಪಾಲಿಗೆ ಬಂದದ್ದು ಆ ಮಗ್ಗ ಮತ್ತು ಆ ಕೂಸು. ತೊಟ್ಟಿಲ ಹಗ್ಗವನ್ನು ಅವಳು ಮಗ್ಗದ ಹಲಗೆಗೆ ಕಟ್ಟಿದ್ದಳು. ನೇಯ್ದಷ್ಟು ಹೊತ್ತೂ ತೊಟ್ಟಿಲು ತೂಗುತ್ತಿತ್ತು, ಮಗ್ಗ ನಿಂತರೆ ಮಗು ಅಳುತ್ತಿತ್ತು. ಹೆಣ್ಣು ನೋಡಲು ಬಂದವರಿಗೆಲ್ಲ ಅವಳದು ಒಂದೇ ಮಾತು: "ಇವ್ನೂ ಬತ್ತಾನೆ ಅಂದ್ರೆ ನಾನೂ ಬತ್ತೀನಿ." ಯಾರೂ ಹೂಂ ಅನ್ನಲಿಲ್ಲ. ಅವಳು ಅದನ್ನು ತ್ಯಾಗ ಎಂದು ಯಾವತ್ತೂ ಹೇಳಿಕೊಂಡವಳಲ್ಲ. ಯಾರಾದರೂ ಹಾಗೆಂದರೆ ರೇಗುತ್ತಿದ್ದಳು.

ಸುಲಭಕ್ಕೆ ರೇಗುವವಳೇ. ಏಳನೇ ತರಗತಿಗೆ ಓದು ಬಿಟ್ಟಿದ್ದರೂ ದಿನಪತ್ರಿಕೆ ತಪ್ಪಿಸುತ್ತಿರಲಿಲ್ಲ. ಊಟದ ಹೊತ್ತಿನಲ್ಲಿ ಅದನ್ನು ಗಟ್ಟಿಯಾಗಿ ಓದಿ, ಓದಿದ್ದರ ಜೊತೆ ಜಗಳಕ್ಕೆ ನಿಲ್ಲುತ್ತಿದ್ದಳು. 'ನೋಡೋಣ' ಎಂಬ ಮಾತನ್ನು ಕಂಡರೆ ಅವಳಿಗೆ ಆಗುತ್ತಿರಲಿಲ್ಲ. "ಇಲ್ಲ ಅನ್ನಕ್ಕೆ ಬಾಯಿಲ್ದೋರು ನೋಡೋಣ ಅಂತಾರೆ," ಅನ್ನುವಳು. ಕುರ್ಚಿಯ ಮೇಲೆ ಕೂರುತ್ತಿರಲಿಲ್ಲ. ನನ್ನನ್ನು ಕಾನೂನು ಓದಲು ಮೈಸೂರಿಗೆ ಕಳಿಸಲು ಅಮ್ಮ ಹಿಂಜರಿದಾಗ ನಮ್ಮ ಮನೆಯ ಹೊಸ್ತಿಲ ಮೇಲೆ ಕೂತು ವಾದ ಮಾಡಿದವಳು ಅಕ್ಕ. "ಮಾತಾಡಕ್ಕೆ ಕಲೀಲಿ ಬುಡವ್ವ. ನಮ್ಮ ಬೀದೀಲಿ ನೇಯೋರು ಇದ್ದೀವಿ, ನಮ್ಗೋಸ್ಕರ ಮಾತಾಡೋರು ಯಾರವ್ರೆ?" ನಾನು ವಕೀಲೆಯಾಗಿ ಊರಿಗೆ ಮರಳಿ, ನಮ್ಮ ಸೀನಿಯರ್ ವಕೀಲರ ಕಚೇರಿಯಲ್ಲಿ ಮೂಲೆಯ ಮೇಜು ಹಿಡಿದಾಗ ಅವಳು ಬಂದು ನೋಡಿ, ಆ ಮೇಜನ್ನು ಸೆರಗಿನಿಂದ ಒರೆಸಿ ಹೋದಳು.

ತಮ್ಮ ನನಗಿಂತ ಒಂದೆರಡು ವರ್ಷಕ್ಕೆ ಚಿಕ್ಕವನು. ಮಗ್ಗಕ್ಕೆ ಕೂರುವ ತಾಳ್ಮೆ ಅವನಿಗಿರಲಿಲ್ಲ. ಹನೂರು ಕಡೆ ಟೆಂಪೊ ಓಡಿಸುತ್ತಿದ್ದ. ಬಂಡಳ್ಳಿಯ ರೈತರ ಟೊಮೇಟೊ, ಮರಗೆಣಸು ತುಂಬಿಕೊಂಡು ಪಾಲಾರ್ ಚೆಕ್‌ಪೋಸ್ಟ್ ದಾಟಿ ತಮಿಳುನಾಡಿನ ಮಾರ್ಕೆಟ್ಟಿಗೆ ಹಾಕಿ ಬರುವುದು ಅವನ ಕೆಲಸ. ಪಾಲಾರ್ ಆಚೆಯ ಒಂದು ಚಹಾ ಅಂಗಡಿಯಲ್ಲಿ ಅವನಿಗೆ ಆ ಏಜೆಂಟ್ ಸಿಕ್ಕಿದ. ಹೊರದೇಶದಲ್ಲಿ ಗೋಡೌನಿನ ಲಾರಿ ಓಡಿಸುವ ಕೆಲಸವಿದೆ ಅಂದ. ಅದು ಯಾವ ದೇಶ ಎಂದು ನಾನಿಲ್ಲಿ ಬರೆಯುವುದಿಲ್ಲ. ಹಿಮ ಬೀಳುವ ದೇಶ. ಪಕ್ಕದ ದೇಶದ ಜೊತೆ ಅದರ ಯುದ್ಧ ನಡೆಯುತ್ತಲೇ ಇತ್ತು.

"ಅಲ್ಲಿ ಯುದ್ಧ ಅಂತ ಪೇಪರ್ನಲ್ಲಿ ಬತ್ತದೆ ಕಣ್ಲಾ," ಅಂದಿದ್ದಳು ಅಕ್ಕ.

"ಯುದ್ಧ ಅವ್ರವ್ರದು ಕಣಕ್ಕ. ನಮ್ ದೇಶ ಅದ್ರಲ್ಲಿ ಇಲ್ವಲ್ಲ. ಇಲ್ಲಿ ಓಡ್ಸೋ ಲಾರಿನ ಅಲ್ಲಿ ಓಡ್ಸೋದು, ಅಷ್ಟೆ."

ಆ ಮಾತು ಸರಿಯೇ ಇತ್ತು. ನಾನೂ ಪಕ್ಕದಲ್ಲಿ ಕೂತು ಕೇಳಿಸಿಕೊಂಡಿದ್ದೆ. ನಮ್ಮ ದೇಶ ಆ ಯುದ್ಧದಲ್ಲಿ ಯಾರ ಪಕ್ಷವನ್ನೂ ವಹಿಸಿರಲಿಲ್ಲ. ಅದರಿಂದ ನಮ್ಮವರಿಗೆ ಅಪಾಯವಿಲ್ಲ ಎಂದೇ ಎಲ್ಲರೂ ತಿಳಿದದ್ದು.

ಅಲ್ಲಿಗೆ ಹೋಗಿ ಒಂದು ತಿಂಗಳಾಗುವುದರೊಳಗೇ ಅವನು ವಿಡಿಯೊ ಕರೆ ಮಾಡಿದ. ಹಸಿರು ಮಚ್ಚೆಯ ಅಂಗಿ ತೊಟ್ಟಿದ್ದ. ಎಲ್ಲರಿಗೂ ಇದೇ ಬಟ್ಟೆ ಕೊಡ್ತಾರೆ ಅಂದ. "ಗಿಡದ್ ಬಣ್ಣದ ಬಟ್ಟೆ ಯಾಕ್ಲಾ ಕೊಡ್ತಾರೆ ಗೋಡೌನ್ನೋರು?" ಎಂದು ಅಕ್ಕ ಕೇಳಿದಾಗ ಅವನು ಮುಖ ಅತ್ತ ತಿರುಗಿಸಿದ. ಆಮೇಲೆ ಒಂದು ಧ್ವನಿ ಸಂದೇಶ ಬಂತು. ಓದಲು ಬಾರದ ಲಿಪಿಯ ಕಾಗದಕ್ಕೆ ಸಹಿ ಹಾಕಿಸಿಕೊಂಡಿದ್ದಾರೆ, ಪಾಸ್‌ಪೋರ್ಟ್ ಕಿತ್ತುಕೊಂಡಿದ್ದಾರೆ, ಬಂದೂಕು ಹಿಡಿಯಲು ಕಲಿಸುತ್ತಿದ್ದಾರೆ, ಇನ್ನೆರಡು ದಿನದಲ್ಲಿ ಮುಂದಕ್ಕೆ ಕಳಿಸುತ್ತಾರೆ. ಕೊನೆಯಲ್ಲಿ, "ಅಕ್ಕ, ಯಾರ್ಗಾದ್ರೂ ಯೋಳು" ಎಂದಷ್ಟೇ ಇತ್ತು. ಆಮೇಲೆ ಫೋನು ಸತ್ತಿತು.

ಅಕ್ಕ ಮಗ್ಗದಿಂದೆದ್ದು ಸೀದಾ ಪೊಲೀಸ್ ಠಾಣೆಗೆ ಹೋದಳು. ಅಲ್ಲಿನ ಅಧಿಕಾರಿ ಒರಟರಾಗಿರಲಿಲ್ಲ. ಎಲ್ಲ ಕೇಳಿ ತಗ್ಗಿದ ದನಿಯಲ್ಲಿ, "ನೋಡಮ್ಮ, ನಮ್ಮ ದೇಶದ ಜೊತೆ ಸ್ನೇಹವಾಗಿರೋ ದೇಶದ ಮೇಲೆ ನಮ್ಮ ಪ್ರಜೆ ಯುದ್ಧ ಮಾಡಿದ್ರೆ ನಮ್ಮ ಕಾನೂನಲ್ಲಿ ಅದೇ ಅಪರಾಧ. ಏನು ಬರೆಸ್ತೀರೋ ಯೋಚನೆ ಮಾಡಿ ಬರೆಸಿ," ಅಂದರಂತೆ. ಅಲ್ಲಿಂದ ಅವಳು ನನ್ನ ಕಚೇರಿಗೆ ಬಂದು ಗೋಡೆಗೊರಗಿ ನೆಲದ ಮೇಲೆ ಕೂತಳು.

"ಅವನ್ನ ಉಳ್ಸಿ ಅಂತ ಕೇಳಕ್ಕೋದ್ರೆ ಅವನ್ ಮೇಲೇ ಕೇಸಾಯ್ತದಂತೆ ಕಣವ್ವ."

ಏಜೆಂಟನನ್ನು ಹುಡುಕಿಕೊಂಡು ನಾವಿಬ್ಬರೂ ಬಸ್ಸು ಹತ್ತಿದೆವು. ಪಾಲಾರ್ ದಾಟಿ ಆ ಚಹಾ ಅಂಗಡಿಯವನನ್ನು ಕೇಳಿ ಅವನ ಮನೆ ಮುಟ್ಟುವ ಹೊತ್ತಿಗೆ ಅವನು ಊರು ಬಿಟ್ಟಿದ್ದ. ಬಾಗಿಲಲ್ಲಿ ಅವನ ತಾಯಿ ಇದ್ದರು. ಅಕ್ಕ ತನಗೆ ಗೊತ್ತಿದ್ದ ಅರೆಬರೆ ತಮಿಳಿನಲ್ಲಿ ಬಾಯಿಗೆ ಬಂದಂತೆ ಬೈದಳು. ಆ ಮುದುಕಿ ಎದುರಾಡಲಿಲ್ಲ. "ಎಂಗ ಪೇರನುಂ ಅಂಗದಾನ್ ಇರುಕ್ಕಾನ್, ತಾಯಿ," ಅಂದರು. ಅವರ ಮೊಮ್ಮಗನೂ ಆ ಯುದ್ಧದಲ್ಲೇ ಇದ್ದಾನೆಂದು. ಏಜೆಂಟ್ ತನ್ನ ಸ್ವಂತ ಅಕ್ಕನ ಮಗನನ್ನೂ ಕಳಿಸಿದ್ದ. ಅಕ್ಕನ ಬೈಗುಳ ಅಲ್ಲಿಗೆ ನಿಂತಿತು. ಬೈಯಲು ಸಿಕ್ಕಿದ್ದ ಒಂದೇ ಬಾಗಿಲು ಅದು, ಅದೂ ಹೋಯಿತು. ವಾಪಸು ಬರುವಾಗ ಬೆಟ್ಟದ ತಿರುವುಗಳುದ್ದಕ್ಕೂ ಅವಳು ಕಿಟಕಿಯ ಸರಳನ್ನು ಹಿಡಿದುಕೊಂಡೇ ಕೂತಿದ್ದಳು.

ಬೆಂಗಳೂರಿನ ಹೈಕೋರ್ಟಿನಲ್ಲಿ ನಮ್ಮ ಸೀನಿಯರ್ ಅರ್ಜಿ ಹಾಕಿದರು. ಕಾಣೆಯಾದ ಮನುಷ್ಯನನ್ನು ಹುಡುಕಿಸಿ ಕರೆತರಲು ಸರ್ಕಾರಕ್ಕೆ ಆದೇಶ ಕೊಡಿ ಎಂಬ ಅರ್ಜಿ. ಅದು ವಿಚಾರಣೆಗೆ ಬರುವ ಮುಂಚೆಯೇ ಯುದ್ಧದ ಎದುರು ಪಕ್ಷದವರು ಒಂದು ವಿಡಿಯೊ ಹೊರಬಿಟ್ಟರು. ಸೆರೆ ಸಿಕ್ಕ ಹೊರದೇಶದವರನ್ನು ಸಾಲಾಗಿ ಕೂರಿಸಿ ಒಬ್ಬೊಬ್ಬರಿಂದಲೂ ಹೆಸರು, ಊರು ಹೇಳಿಸಿದ್ದರು. ತಲೆ ಬೋಳಿಸಿದ, ಕಾಲಿಗೆ ಬಟ್ಟೆ ಸುತ್ತಿದ ಒಬ್ಬ 'ಕೊಳ್ಳೇಗಾಲ' ಅಂದ. ಅಕ್ಕ ಅದನ್ನು ಮಗ್ಗದ ಮುಂದೆ ಕೂತೇ ನೋಡಿದಳು. ಮತ್ತೆ ಮತ್ತೆ ನೋಡಿದಳು.

"ಸಿಕ್ದ ಬುಡು," ಅಂದಳು. "ಅವ್ನು ಇರೋ ಜಾಗ ಗೊತ್ತಾಯ್ತು. ಇನ್ನೇನು, ನಮ್ಮೋರು ಕೇಳ್ತಾರೆ, ಅವ್ರು ಕೊಡ್ತಾರೆ."

ಅವಳ ಮುಖ ಅಷ್ಟು ನಿರಾಳವಾಗಿತ್ತು. ಸೆರೆಯಲ್ಲಿದ್ದಾನೆ ಅಂದರೆ ಏನರ್ಥ ಎಂದು ವಿವರಿಸಬೇಕಾದವಳು ನಾನೇ.

ಕೋರ್ಟಿನಲ್ಲಿ ಸರ್ಕಾರದ ವಕೀಲರು ಎದ್ದು ನಿಂತು, ಈ ಯುದ್ಧಕ್ಕೆ ನಮ್ಮ ದೇಶ ಪಕ್ಷವಲ್ಲ, ಹಾಗಾಗಿ ಯುದ್ಧಕೈದಿಯೆಂದು ಅವನನ್ನು ಕೇಳುವ ಹಕ್ಕು ನಮಗೆ ಬರುವುದಿಲ್ಲ, ಅವನು ಹೊರದೇಶದ ಸೈನ್ಯಕ್ಕೆ ಸಹಿ ಹಾಕಿ ಸೇರಿದ್ದಾನೆ, ಆದರೂ ಸ್ನೇಹದ ದಾರಿಯಲ್ಲಿ ವಿಚಾರಿಸುತ್ತಿದ್ದೇವೆ ಎಂದರು. ಅವರು ಹೇಳಿದ್ದರಲ್ಲಿ ಸುಳ್ಳಿರಲಿಲ್ಲ. ಹಿಂದಿನ ಸಾಲಿನಲ್ಲಿ ನಾನು ಅಕ್ಕನಿಗೆ ಕಿವಿಯಲ್ಲಿ ಕನ್ನಡದಲ್ಲಿ ಹೇಳುತ್ತಿದ್ದೆ. ಅವಳು ಎದ್ದು ನಿಂತಳು. ಆ ಎತ್ತರ ಕಂಡು ನ್ಯಾಯಮೂರ್ತಿಗಳು ತಲೆಯೆತ್ತಿದರು.

"ಸಾ, ಆ ಯುದ್ಧದಲ್ಲಿ ನಮ್ಮ ದೇಶ ಇಲ್ಲ. ಸರಿ. ನನ್ ತಮ್ಮ ಅವ್ನೆ. ಅಂಗಂದ್ರೆ ಅವ್ನು ಯಾವ ದೇಶದೋನು, ಸಾ?"

ಕೋರ್ಟ್ ಸಿಬ್ಬಂದಿ ಅವಳನ್ನು ಕೂರಿಸಲು ಬಂದರು. ನ್ಯಾಯಮೂರ್ತಿಗಳು ಬೇಡವೆಂದು ಕೈಯಾಡಿಸಿದರು. ತಮ್ಮ ಯಾವ ಸ್ಥಾನದಲ್ಲಿ ಅಲ್ಲಿಗೆ ಹೋದ, ಈಗ ಯಾವ ಸ್ಥಾನದಲ್ಲಿದ್ದಾನೆ ಎಂದು ಕುಟುಂಬದವರು ಪ್ರಮಾಣಪತ್ರ ಸಲ್ಲಿಸಲಿ ಎಂದು ಆದೇಶವಾಯಿತು.

ಊರಿಗೆ ಬಂದ ಮೇಲೆ ಸೀನಿಯರ್ ಅಕ್ಕನನ್ನು ಎದುರಿಗೆ ಕೂರಿಸಿಕೊಂಡು ಬಿಡಿಸಿ ಹೇಳಿದರು. ಅವಳು ಯಥಾಪ್ರಕಾರ ನೆಲದ ಮೇಲೆ ಕೂತಿದ್ದಳು. ಅವರೂ ಕುರ್ಚಿ ಬಿಟ್ಟು ಕೆಳಗೆ ಕೂತರು. ಯುದ್ಧದಲ್ಲಿ ಸೆರೆ ಸಿಕ್ಕವನು ಒಂದು ದೇಶದ ಸೈನಿಕನಾದರೆ ಅವನಿಗೆ ಅನ್ನ, ಔಷಧಿ ಕೊಡಬೇಕು, ಹೊಡೆಯಬಾರದು, ಬಂದೂಕು ಹಿಡಿದದ್ದಕ್ಕೆ ಶಿಕ್ಷೆ ಕೊಡಬಾರದು. ಸೈನಿಕನಲ್ಲ, ಯುದ್ಧಕ್ಕೆ ಸಂಬಂಧವಿಲ್ಲದ ದೇಶದಿಂದ ದುಡ್ಡಿಗಾಗಿ ಬಂದವನು ಎಂದು ತೀರ್ಮಾನವಾದರೆ ಆ ರಕ್ಷಣೆ ಯಾವುದೂ ಇಲ್ಲ. ವಿಚಾರಣೆ ನಡೆಸಿ ಜೀವಾವಧಿ ಕೊಡಬಹುದು, ಅದಕ್ಕಿಂತ ಹೆಚ್ಚಿನದನ್ನೂ ಕೊಡಬಹುದು.

"ಅಂತೋರ್ಗೆ ಏನಂತಾರೆ ಸಾ?"

"ಕೂಲಿ ಸಿಪಾಯಿ."

"ನಾನೂ ಕೂಲಿಗೇ ನೇಯದು ಸಾ. ನಮ್ಮಪ್ಪನೂ ಕೂಲಿಗೇ ನೇಯ್ದಿದ್ದು. ಕೂಲಿ ಅಂದ್ರೆ ಅನ್ನ ಸಾ. ಅದ್ನ ಯಾವಾಗ್ಲಿಂದ ಬೈಗುಳ ಮಾಡ್ಕಂಡ್ರಿ?"

ಸೀನಿಯರ್ ತಲೆ ತಗ್ಗಿಸಿದರು. ಆದರೆ ಮಾತು ಅಲ್ಲಿಗೆ ಮುಗಿಯುವಂತಿರಲಿಲ್ಲ. ಸೆರೆಯಾಳುಗಳನ್ನು ಕಂಡು ಮನೆಯವರಿಗೆ ಸುದ್ದಿ ಮುಟ್ಟಿಸುವ ಹೊರದೇಶದ ಸಂಸ್ಥೆಯೊಂದರ ಹೆಣ್ಣುಮಗಳ ಜೊತೆ ನಾನು ಫೋನಿನಲ್ಲಿ ಮಾತಾಡಿದ್ದೆ. ಅವರು ಹೇಳಿದ್ದನ್ನು ಅಕ್ಕನಿಗೆ ತಿಳಿಸಬೇಕಿತ್ತು. ನಮ್ಮ ಮುಂದೆ ಇದ್ದದ್ದು ಎರಡೇ ದಾರಿ, ಎರಡರ ತುದಿಯಲ್ಲೂ ಹಳ್ಳ. ಇಲ್ಲಿ ಬರೆದ ಮಾತು ಅಲ್ಲಿ ಎಷ್ಟು ತೂಗುತ್ತದೆಂದು ಯಾರಿಗೂ ಗೊತ್ತಿರಲಿಲ್ಲ. ತೂಗದೆ ಹೋಗುವುದೂ ಇಲ್ಲ ಅಂದಿದ್ದರು.

"ಸಿಪಾಯಿ ಅಂತ ಬರುದ್ರೆ?" ಅಕ್ಕ ಕೇಳಿದಳು.

"ಸದ್ಯಕ್ಕೆ ಜೀವಕ್ಕೆ ಅಪಾಯ ಇರಲ್ಲ ಅಕ್ಕ. ಆದ್ರೆ ಸೆರೆಯಾಳುಗಳನ್ನ ಅದಲು ಬದಲು ಮಾಡ್ಕೊಳ್ಳುವಾಗ, ಯಾವ ಸೈನ್ಯದವನೋ ಆ ಸೈನ್ಯಕ್ಕೇ ವಾಪಸ್ ಕೊಡ್ತಾರೆ. ನಮಗೆ ಕೊಡಲ್ಲ."

"ಸಿಪಾಯಿ ಅಲ್ಲ, ಮೋಸಕ್ಕೆ ಬಿದ್ದೋನು ಅಂತ ಬರುದ್ರೆ?"

"ನಮ್ಮ ದೇಶ ಅವನನ್ನ ತನ್ನ ಪ್ರಜೆ ಅಂತ ಕೇಳೋಕೆ ದಾರಿ ಇದೆ. ಕೊಡ್ತಾರೋ ಇಲ್ಲವೋ. ಅಷ್ಟರೊಳಗೆ ಅವರು ಅವನನ್ನ ಕೂಲಿ ಸಿಪಾಯಿ ಅಂತ ವಿಚಾರಣೆಗೆ ನಿಲ್ಲಿಸಬಹುದು."

"ನಿಜ ಯಾವ್ದು?"

"ಎರಡೂ ನಿಜ ಅಕ್ಕ."

ಅವಳು ಎದ್ದು ಮನೆಗೆ ಹೋದಳು. ಮಾರನೆಯ ದಿನವೆಲ್ಲ ಮಗ್ಗದ ಸದ್ದು ಕೇಳಿಸುತ್ತಿತ್ತು, ಒಂದೇ ಸಮ. ಊಟಕ್ಕೂ ಅವಳು ಏಳಲಿಲ್ಲವೆಂದು ಅಮ್ಮ ಹೇಳಿದಳು. ಸಂಜೆ ನಾನು ಹೋಗಿ ಪಕ್ಕದಲ್ಲಿ ಕೂತಾಗ ಲಾಳಿಯನ್ನು ಕೈಯಲ್ಲೇ ಹಿಡಿದು ನಿಲ್ಲಿಸಿದಳು.

"ಸಿಪಾಯಿ ಅಂತ ಬರಿ. ಮೊದ್ಲು ಜೀವ ಇರ್ಲಿ. ಜೀವ ಇದ್ರೆ ಮುಂದುಕ್ಕೆ ಏನಾರ ಮಾಡ್ಬೋದು."

ಬರೆದೆವು. ಓದಿ ಹೇಳಿದೆ. ಅವಳು ಸಹಿ ಹಾಕಿದಳು.

ಆ ಮಾತು ಅಲ್ಲಿ ತೂಗಿತೋ, ಬೇರೆ ಏನಾದರೂ ನಡೆಯಿತೋ ತಿಳಿಯದು. ಅವನ ಮೇಲೆ ವಿಚಾರಣೆ ನಡೆಯಲಿಲ್ಲ. ಆ ಸಂಸ್ಥೆಯ ಮೂಲಕ ಅವನ ನಾಲ್ಕು ಮಾತು ಬಂದವು: ಕಾಲಿನ ಗಾಯ ಮಾಗಿದೆ, ಊಟ ಕೊಡುತ್ತಾರೆ, ಚಳಿ ತಡೆಯಲಾಗುವುದಿಲ್ಲ, ಅಕ್ಕ ಹುಷಾರು. ಆ ವಾರವೆಲ್ಲ ಅಕ್ಕ ಬೀದಿಯ ಮಕ್ಕಳಿಗೆ ಕಡಲೆಪಪ್ಪು ಸಕ್ಕರೆ ಹಂಚಿದಳು.

ಆಮೇಲೆ ಅದಲು ಬದಲು ಆಯಿತು. ಬಿಡುಗಡೆಯಾದವರಲ್ಲಿ ಅವನೂ ಇದ್ದ. ನಮ್ಮ ರಾಯಭಾರ ಕಚೇರಿಯವರು ಅವನನ್ನು ಊರಿಗೆ ಕಳಿಸಿಕೊಡಿ ಎಂದು ಕೇಳಿದರು. ಆ ದೇಶದ ಸೈನ್ಯದಿಂದ ಬಂದ ಉತ್ತರ ಒಂದೇ ಸಾಲಿನದು: ಅವನು ನಮ್ಮ ಸೈನಿಕ, ಒಪ್ಪಂದದ ಅವಧಿ ಇನ್ನೂ ಮುಗಿದಿಲ್ಲ. ಅವನ ಕುಟುಂಬದವರೇ ಅವನನ್ನು ಸೈನಿಕನೆಂದು ಪ್ರಮಾಣ ಮಾಡಿರುವರಲ್ಲ ಎಂದು ನಮ್ಮ ಕಡೆಯ ಅಧಿಕಾರಿಯೊಬ್ಬರು ಫೋನಿನಲ್ಲಿ ಅಂದರು. ಚುಚ್ಚಲೆಂದು ಅಂದದ್ದಲ್ಲ, ಇದ್ದದ್ದನ್ನು ಅಂದರು. ಸ್ಪೀಕರ್ ಹಾಕಿದ್ದೆ. ಅಕ್ಕ ಕೇಳಿಸಿಕೊಂಡಳು.

ಇನ್ನೊಂದು ಸಲ ಅವನು ಕರೆ ಮಾಡಿದ, ಬೇರೆ ಯಾರದೋ ಫೋನಿನಿಂದ. "ತಿರ್ಗ ಕರ್ಕಂಡ್ ಓಯ್ತಾವ್ರೆ ಅಕ್ಕ." ಅವಳು, "ಓಗ್ಬೇಡ ಕಣ್ಲಾ, ಅಲ್ಲೇ ಬಿದ್ಕೊ, ಕಾಲ್ ನೋವು ಅನ್ನು," ಅನ್ನುತ್ತಲೇ ಇದ್ದಳು, ಫೋನು ಕಡಿದ ಮೇಲೂ. ಅದೇ ಕೊನೆ. ಕೆಲವು ತಿಂಗಳ ಮೇಲೆ ಆ ಸೈನ್ಯದಿಂದ ಕಾಗದ ಬಂತು. ಅದರಲ್ಲಿ ಸತ್ತಿದ್ದಾನೆ ಎಂದಿರಲಿಲ್ಲ, ಬದುಕಿದ್ದಾನೆ ಎಂದೂ ಇರಲಿಲ್ಲ. ಸುಳಿವಿಲ್ಲ ಎಂದಿತ್ತು.

"ನಾನ್ ಬರ್ಸಿದ್ ಪದ ಕಣವ್ವ ಅದು," ಅಂದಳು ಅಕ್ಕ. "ಸಿಪಾಯಿ ಅಂತ ನಾನೇ ಅಂದೆ. ಅವ್ರು ಸಿಪಾಯಿ ಮಾಡ್ಕಂಡು ಕರ್ಕಂಡೋದ್ರು."

ಇನ್ನೊಂದು ಪದ ಬರೆಸಿದ್ದರೆ ಉಳಿಯುತ್ತಿದ್ದ ಎಂದು ಹೇಳಲಾಗದು, ಉಳಿಯುತ್ತಿರಲಿಲ್ಲ ಎಂದೂ ಹೇಳಲಾಗದು. ಅವಳ ಕೈ ಹಿಡಿದುಕೊಂಡು ಕೂತೆ. ಅವಳು ಬಿಡಿಸಿಕೊಂಡಳು.

ಅಗರದಿಂದ ಅವಳ ಚಿಕ್ಕಮ್ಮ ಬಂದು, ವರ್ಷ ತುಂಬುವುದರೊಳಗೆ ತಿಥಿ ಮಾಡಿಬಿಡು, ಆತ್ಮ ಅಲೆಯಬಾರದು ಎಂದು ಅತ್ತರು. ಅಕ್ಕ ಒಪ್ಪಲಿಲ್ಲ. "ಸತ್ತ ಅಂತ ಯಾರ್ ಅಂದವ್ರೆ? ಸುಳಿವಿಲ್ಲ ಅಂತ ಬರ್ದವ್ರೆ. ಒಂದ್ ಸಲ ಅವ್ರ್ ಕೇಳಿದ್ಕೆ ಪದ ಕೊಟ್ಟು ಕೆಟ್ಟೆ. ಇನ್ನೊಂದ್ ಪದ ನನ್ ಬಾಯಿಂದ ಬರಕ್ಕಿಲ್ಲ." ಚಿಕ್ಕಮ್ಮ ಹೋದ ಮೇಲೆ ಅವಳು ಬಾಗಿಲು ಹಾಕಿಕೊಂಡಳು. ಒಳಗಿಂದ ಬಂದ ಸದ್ದು ಅಳುವಿನದಾಗಿರಲಿಲ್ಲ. ಏನನ್ನೋ ನೆಲಕ್ಕೆ ಕುಟ್ಟುತ್ತಿದ್ದಳು. ಬೀದಿಯವರು ಯಾರೂ ಬಾಗಿಲು ತಟ್ಟಲಿಲ್ಲ. ಮರುದಿನ ನೋಡಿದರೆ ಹಣೆ ಊದಿಕೊಂಡಿತ್ತು.

ಕೊನೆಯ ದಿನಗಳಲ್ಲಿ ಅವಳಿಗೆ ಎಲ್ಲೆಲ್ಲಿಂದಲೋ ಫೋನು ಬರುತ್ತಿತ್ತು. ಹೀಗೇ ಮಕ್ಕಳನ್ನು ಕಳಿಸಿ ಕೂತವರು ಹೈಕೋರ್ಟಿನ ಸುದ್ದಿ ಓದಿ ಅವಳ ನಂಬರು ಹುಡುಕಿದ್ದರು. ಪಾಲಾರ್ ಆಚೆಯ ಆ ಮುದುಕಿಯೂ ಮಾತಾಡುತ್ತಿದ್ದರು. ಅವರ ಮೊಮ್ಮಗನ ಸುದ್ದಿಯೂ ಇರಲಿಲ್ಲ. ಅಕ್ಕ ಯಾರಿಗೂ ಧೈರ್ಯ ಹೇಳುತ್ತಿರಲಿಲ್ಲ. ಏನು ಬರೆಸಬೇಕೆಂದು ಕೇಳಿದರೆ, "ನನ್ ಕೇಳ್ಬೇಡಿ," ಅನ್ನುವಳು. ಆದರೆ ಫೋನು ಇಡುತ್ತಲೂ ಇರಲಿಲ್ಲ. ಆ ಕಡೆಯವರು ಅಳುವಷ್ಟೂ ಹೊತ್ತು ಕಿವಿಗೆ ಹಿಡಿದುಕೊಂಡಿರುತ್ತಿದ್ದಳು.

ಕೋರ್ಟಿಗೆ ಮಾತ್ರ ಒಂದು ಸಲವೂ ತಪ್ಪಿಸಲಿಲ್ಲ. ಅರ್ಜಿ ಈಗ ಬೇರೆ ರೂಪ ತಾಳಿತ್ತು. ಅವನು ಎಲ್ಲಿದ್ದಾನೆ, ಏನಾಗಿದ್ದಾನೆ ಎಂದು ಕಂಡುಹಿಡಿದು ಹೇಳಿ ಎಂದಷ್ಟೇ ನಾವು ಕೇಳುತ್ತಿದ್ದೆವು. ಪ್ರತಿ ಸಲವೂ ಸರ್ಕಾರದ ವಕೀಲರು ಕಾಲಾವಕಾಶ ಕೇಳುವರು, ನ್ಯಾಯಮೂರ್ತಿಗಳು ಕೊಡುವರು. ಅಕ್ಕ ಹೊರಗೆ ಬಂದು ಮೆಟ್ಟಿಲ ಮೇಲೆ ಕೂತು ಬುತ್ತಿ ಬಿಚ್ಚುವಳು, ನನಗೂ ಒಂದು ಪಾಲು ಕೊಡುವಳು, ತಾನು ತಿನ್ನದೆ ಮತ್ತೆ ಕಟ್ಟುವಳು.

ಒಂದು ಬೆಳಿಗ್ಗೆ ಮಗ್ಗದ ಸದ್ದು ಅರ್ಧಕ್ಕೆ ನಿಂತಿತು. ಅಮ್ಮ ಹೋಗಿ ನೋಡಿದಾಗ ಅವಳು ಪಕ್ಕಕ್ಕೆ ವಾಲಿದ್ದಳು. ಗುಂಡಿಯಿಂದ ಅವಳನ್ನು ಮೇಲೆತ್ತಲು ಬೀದಿಯ ಗಂಡಸರೆಲ್ಲ ಬೇಕಾಯಿತು. ಮೆದುಳಿನಲ್ಲಿ ರಕ್ತ ಹೆಪ್ಪುಗಟ್ಟಿದೆ ಎಂದರು ಮೈಸೂರಿನ ಡಾಕ್ಟರು. ಬಲಗೈ ಹೋಗಿತ್ತು, ಮಾತು ತೊದಲುತ್ತಿತ್ತು. ನಾನು ಬಗ್ಗಿ ಕಿವಿಗೊಟ್ಟೆ. "ಡೇಟು," ಅಂದಳು. ಮುಂದಿನ ವಿಚಾರಣೆಯ ದಿನ ಹೇಳಿದೆ. ತಲೆಯಾಡಿಸಿದಳು. ಆ ದಿನ ಬರುವ ಮೊದಲೇ ಹೋದಳು. ಕೊಳ್ಳಿ ಇಡಬೇಕಾದವನು ಎಲ್ಲಿದ್ದಾನೆಂದು ಯಾವ ದೇಶಕ್ಕೂ ಗೊತ್ತಿರಲಿಲ್ಲ. ಅಗರದ ಚಿಕ್ಕಮ್ಮನ ಮಗ ಇಟ್ಟ.

ವಿಚಾರಣೆಯ ದಿನ ನಾನು ಕೋರ್ಟಿಗೆ ಹೋದೆ. ಅರ್ಜಿದಾರರು ತೀರಿಕೊಂಡಿದ್ದಾರೆ, ಅರ್ಜಿಯನ್ನು ಮುಕ್ತಾಯ ಮಾಡಬಹುದು ಎಂದರು ಸರ್ಕಾರದ ವಕೀಲರು. ಅರ್ಜಿದಾರಳಾಗುವವಳು ವಕೀಲೆಯ ಉಡುಪಿನಲ್ಲಿ ನಿಲ್ಲುವಂತಿಲ್ಲ. ನಾನು ಕರಿ ಕೋಟು ತೆಗೆದು ಬೆಂಚಿನ ಮೇಲಿಟ್ಟು ಮುಂದೆ ಹೋಗಿ, ಅವರ ಜಾಗದಲ್ಲಿ ನನ್ನನ್ನು ಅರ್ಜಿದಾರಳಾಗಿ ಸೇರಿಸಿಕೊಳ್ಳಬೇಕೆಂದು ಕೇಳಿಕೊಂಡೆ.

"ಕಾಣೆಯಾದವನಿಗೆ ನೀವು ಏನಾಗಬೇಕು?" ಎಂದು ನ್ಯಾಯಮೂರ್ತಿಗಳು ಕೇಳಿದರು.

ಸ್ವತಂತ್ರನಲ್ಲದ ಮನುಷ್ಯನ ಪರವಾಗಿ ಯಾರು ಬೇಕಾದರೂ ಕೇಳಬಹುದು, ಸಂಬಂಧ ಬೇಕಿಲ್ಲ. ಕಾನೂನು ಹಾಗೆ ಹೇಳುತ್ತದೆ, ತೀರ್ಪುಗಳೂ ಇವೆ, ನನಗೆ ಬಾಯಿಪಾಠ. ಅದನ್ನೇ ಹೇಳಬೇಕೆಂದು ಬಾಯಿ ತೆರೆದೆ.

"ಅಕ್ಕ, ಸಾ," ಅಂದೆ.